ಹದಿನೈದು ವರ್ಷ ಇಂಗ್ಲಿಷ್ ಕಲಿಸಿದವರು ಮುಂದೆ ಏನು ಓದಬೇಕು?

ಇಂಗ್ಲಿಷ್ ಕಲಿಸುವ ಗೆಳೆಯರು ಇತ್ತೀಚೆಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ಎಂ.ಎ. ಆಯಿತು, ಬಿ.ಎಡ್. ಆಯಿತು, ಹತ್ತು ಹದಿನೈದು ವರ್ಷ ಪಾಠ ಮಾಡಿದ್ದೂ ಆಯಿತು, ಇನ್ನು ಓದುವುದಕ್ಕೆ ಏನಿದೆ? ಕೇಳುವವರಲ್ಲಿ ರಾಜಾಜಿನಗರದ ಅನುದಾನಿತ ಪ್ರೌಢಶಾಲೆಯವರಿದ್ದಾರೆ, ಯಲಹಂಕದ ಕಡೆಯ ಖಾಸಗಿ ಶಾಲೆಗಳವರಿದ್ದಾರೆ, ನನ್ನಂತೆ ಪಿಯು ಕಾಲೇಜಿನಲ್ಲಿ ದಿನ ಕಳೆಯುವವರೂ ಇದ್ದಾರೆ. ಬಡ್ತಿಗಾಗಿ ಕೇಳುವವರು ಕಡಿಮೆ. ಪಾಠ ಸಲೀಸಾಗಿ ಸಾಗುತ್ತಿದೆ, ಮಕ್ಕಳು ಪಾಸಾಗುತ್ತಿದ್ದಾರೆ, ಆದರೆ ತಾವು ಮಾಡುವುದರಲ್ಲಿ ಯಾವುದು ನಿಜವಾಗಿ ಭಾಷೆ ಕಲಿಸುತ್ತಿದೆ, ಯಾವುದು ಕೇವಲ ರೂಢಿಯಿಂದ ನಡೆದುಕೊಂಡು ಬಂದಿದೆ ಎಂದು ತಿಳಿಯುತ್ತಿಲ್ಲ ಎನ್ನುವವರೇ ಹೆಚ್ಚು. ಅವರಿಗೆ ಒಬ್ಬೊಬ್ಬರಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಬೇಕು. ಸೆಲ್ಟಾ ಮತ್ತು ಡೆಲ್ಟಾ ಎಂಬ ಎರಡು ಹೆಸರುಗಳನ್ನು ಅನೇಕರು ಒಂದೇ ಎಂಬಂತೆ ಬಳಸುತ್ತಾರೆ. ಎರಡೂ ಇಂಗ್ಲಿಷ್ ಕಲಿಸುವವರಿಗಾಗಿ ಕೇಂಬ್ರಿಡ್ಜ್ ನೀಡುವ ಅರ್ಹತೆಗಳೇ ಆಗಿದ್ದರೂ ಸೆಲ್ಟಾ ಇರುವುದು ವೃತ್ತಿಗೆ ಹೊಸದಾಗಿ ಬರುವವರಿಗಾಗಿ. ಅದರಲ್ಲಿ ಕನಿಷ್ಠ 120 ಗಂಟೆಗಳ ತರಬೇತಿಯೂ, ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆಗಳ ಬೋಧನೆಯೂ ಇರುತ್ತದೆ. ಡೆಲ್ಟಾ ಎಂಬ ಡಿಪ್ಲೊಮಾ ಇರುವುದು ಈಗಾಗಲೇ ತರಗತಿಯನ್ನು ಬಲ್ಲವರಿಗಾಗಿ. ಇಂಗ್ಲೆಂಡಿನ ಅರ್ಹತಾ ಚೌಕಟ್ಟಿನಲ್ಲಿ ಸೆಲ್ಟಾ 5ನೇ ಹಂತದಲ್ಲಿದೆ, ಡೆಲ್ಟಾ 7ನೇ ಹಂತದಲ್ಲಿದೆ. 7ನೇ ಹಂತ ಎಂದರೆ ಸ್ನಾತಕೋತ್ತರ ಪದವಿಯಷ್ಟು ಕಠಿಣ ಎಂದರ್ಥವೇ ಹೊರತು ಅದು ಸ್ವತಃ ಎಂ.ಎ. ಪದವಿಯಲ್ಲ. ಟ್ರಿನಿಟಿ ಕಾಲೇಜ್ ಲಂಡನ್ ನೀಡುವ ಡಿಪ್‌ಟೆಸಾಲ್ ಕೂಡ ಇದೇ ಹಂತದ್ದು, ಇದೇ ಉದ್ದೇಶದ್ದು. ನಾನು ಹತ್ತಿರದಿಂದ ಕಂಡದ್ದು ಡೆಲ್ಟಾ ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಡೆಲ್ಟಾದಲ್ಲಿ ಮೂರು ಮಾಡ್ಯೂಲ್‌ಗಳಿವೆ. ಮೊದಲನೆಯದು ತಲಾ ಒಂದೂವರೆ ಗಂಟೆಯ ಎರಡು ಪ್ರಶ್ನೆಪತ್ರಿಕೆಗಳ ಲಿಖಿತ ಪರೀಕ್ಷೆ. ಇದು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಎರಡನೆಯದು ತರಗತಿಯ ಬೋಧನೆ. ಮೂರನೆಯದು, ಆಯ್ದುಕೊಂಡ ಒಂದು ವಿಶೇಷ ಕ್ಷೇತ್ರದಲ್ಲಿ ಬರೆಯುವ 4000ದಿಂದ 4500 ಪದಗಳ ದೀರ್ಘ ಪ್ರಬಂಧ. ಮೂರನ್ನೂ ಯಾವ ಕ್ರಮದಲ್ಲಾದರೂ, ಬಿಡಿಬಿಡಿಯಾಗಿಯೂ ಮಾಡಬಹುದು. ಸಂಸಾರ, ಕೆಲಸ, ಉತ್ತರಪತ್ರಿಕೆ ಮೌಲ್ಯಮಾಪನ, ಚುನಾವಣಾ ಕರ್ತವ್ಯ ಎಲ್ಲವನ್ನೂ ಹೊತ್ತ ನಮ್ಮಂಥವರಿಗೆ ಈ ಅನುಕೂಲ ಸಣ್ಣದೇನಲ್ಲ.

ಇಡೀ ಡೆಲ್ಟಾದ ಜೀವ ಇರುವುದು ಎರಡನೆಯ ಮಾಡ್ಯೂಲ್‌ನಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ಅದರಲ್ಲಿ ನಾಲ್ಕು ಮುಖ್ಯ ಪಾಠಗಳನ್ನು ಮಾಡಬೇಕು: ಎರಡು ವ್ಯಾಕರಣ, ಶಬ್ದಸಂಪತ್ತು, ಉಚ್ಚಾರಣೆಯಂಥ ಭಾಷಾ ವ್ಯವಸ್ಥೆಯ ಮೇಲೆ, ಇನ್ನೆರಡು ಆಲಿಸುವಿಕೆ, ಓದು, ಮಾತು, ಬರವಣಿಗೆ ಎಂಬ ಕೌಶಲಗಳ ಮೇಲೆ. ಪ್ರತಿಯೊಂದು ಪಾಠಕ್ಕೂ ಮುಂಚೆ 2000ದಿಂದ 2500 ಪದಗಳ ಹಿನ್ನೆಲೆ ಪ್ರಬಂಧ ಬರೆಯಬೇಕು, ಅದರ ಆಧಾರದ ಮೇಲೆ ವಿಸ್ತಾರವಾದ ಪಾಠ ಯೋಜನೆ ಸಿದ್ಧಪಡಿಸಬೇಕು, ವೀಕ್ಷಕರ ಎದುರು ಪಾಠ ಮಾಡಬೇಕು, ಮಾಡಿದ ಮೇಲೆ ಏನು ನಡೆಯಿತೆಂದು ವಿಮರ್ಶಿಸಿ ಬರೆಯಬೇಕು. ಕೊನೆಯ ಪಾಠವನ್ನು ನೋಡಲು ಹೊರಗಿನ ಮೌಲ್ಯಮಾಪಕರು ಬರುತ್ತಾರೆ. ದೂರಶಿಕ್ಷಣದ ರೂಪದಲ್ಲಿ ಮಾಡುವವರಿಗೆ ಅವರ ಊರಿನಲ್ಲೇ ಅನುಮೋದಿತ ಸ್ಥಳೀಯ ಮಾರ್ಗದರ್ಶಕರೊಬ್ಬರು ಇರುತ್ತಾರೆ. ಹಾಗಾಗಿ ನಮ್ಮ ವಿದ್ಯಾರ್ಥಿಗಳಿಗೇ, ನಮ್ಮ ತರಗತಿಯಲ್ಲೇ ಪಾಠ ಮಾಡಲು ಸಾಧ್ಯವಾಗುತ್ತದೆ.

ಪಾಠ ಯೋಜನೆ ನಮಗೇನು ಹೊಸದೇ ಎಂದು ಬಿ.ಎಡ್. ಮಾಡಿದವರು ಕೇಳುತ್ತಾರೆ. ಬಿ.ಎಡ್.ನ ಬೋಧನಾಭ್ಯಾಸದಲ್ಲಿ ನಾವು ಬರೆದ ಯೋಜನೆಗಳು ಏನನ್ನು ಮಾಡುತ್ತೇವೆ ಎಂಬುದನ್ನು ಹೇಳುತ್ತಿದ್ದವು. ಡೆಲ್ಟಾದ ಯೋಜನೆಯಲ್ಲಿ ಏಕೆ ಮಾಡುತ್ತೇವೆ ಎಂಬುದಕ್ಕೇ ಹೆಚ್ಚಿನ ಜಾಗ. ವಿದ್ಯಾರ್ಥಿಗಳು ಯಾರು, ಅವರಿಗೆ ಈಗಾಗಲೇ ಏನು ಗೊತ್ತು, ಕಲಿಸಲಿರುವ ಭಾಷಾಂಶದ ಅರ್ಥ, ರೂಪ, ಉಚ್ಚಾರಣೆ ಯಾವುವು, ಎಲ್ಲಿ ಎಡವಬಹುದು, ಎಡವಿದರೆ ಏನು ಮಾಡುತ್ತೀರಿ ಎಂಬುದನ್ನೆಲ್ಲ ಪಾಠಕ್ಕೆ ಮುಂಚೆಯೇ ಯೋಚಿಸಿ ಬರೆಯಬೇಕು. ಜೋಡಿಯಲ್ಲಿ ಉತ್ತರ ಹೋಲಿಸಿ ನೋಡಲು ಹೇಳುವ ಎರಡು ನಿಮಿಷಕ್ಕೂ ಒಂದು ಉದ್ದೇಶವನ್ನು ನಮೂದಿಸಬೇಕು. ಹದಿನೈದು ವರ್ಷ ಪಾಠ ಮಾಡಿದವರಿಗೆ ಇದು ಆರಂಭದಲ್ಲಿ ಕಿರಿಕಿರಿ ಎನಿಸುವುದು ಸಹಜ. ಆದರೆ ಅನುಭವಿಗಳಿಗೆ ಬೇಕಾಗಿರುವುದೂ ಇದೇ. ಅನುಭವ ನಮ್ಮ ಕೈಗೆ ಚುರುಕನ್ನು ಕೊಡುತ್ತದೆ. ಜೊತೆಗೆ, ನಾವು ಮಾಡುವ ಆಯ್ಕೆಗಳು ಆಯ್ಕೆಗಳೆಂದೇ ನಮಗೆ ಕಾಣದಂತೆಯೂ ಮಾಡುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ನನ್ನ ಆಲಿಸುವಿಕೆಯ ಪಾಠವನ್ನೇ ಹೇಳುತ್ತೇನೆ. ನಮ್ಮ ಕಾಲೇಜಿನ ಪ್ರಥಮ ಪಿಯು ವಿಜ್ಞಾನ ತರಗತಿಯಲ್ಲಿ ಮಾಗಡಿ, ಕುಣಿಗಲ್, ಕನಕಪುರದ ಕಡೆಯಿಂದ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಸಾಕಷ್ಟು ಇರುತ್ತಾರೆ. ಜೂನ್ ತಿಂಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆಲ್ಲ ಒಮ್ಮೆಗೇ ಇಂಗ್ಲಿಷಿಗೆ ತಿರುಗುತ್ತವೆ. ಈ ಮಕ್ಕಳು ಓದಿದರೆ ಅರ್ಥ ಮಾಡಿಕೊಳ್ಳುತ್ತಾರೆ, ಕೇಳಿದರೆ ತಬ್ಬಿಬ್ಬಾಗುತ್ತಾರೆ. ಶಬ್ದಸಂಪತ್ತಿನ ಕೊರತೆಯೇ ಇದಕ್ಕೆ ಕಾರಣವೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುವುದು ರೂಢಿ. ಹಿನ್ನೆಲೆ ಪ್ರಬಂಧಕ್ಕಾಗಿ ಓದುವಾಗ ಬೇರೊಂದು ಕಾರಣವನ್ನು ಪರೀಕ್ಷಿಸಿ ನೋಡುವ ಅವಕಾಶ ಸಿಕ್ಕಿತು. ಕನ್ನಡದಲ್ಲಿ ನಾವು ಪ್ರತಿ ಅಕ್ಷರದ ಸ್ವರವನ್ನೂ ಸ್ಪಷ್ಟವಾಗಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಬೀಳದ ಸ್ವರಗಳು ಸವೆದುಹೋಗುತ್ತವೆ. ಕ್ಯಾನ್, ಆಫ್, ಟು, ಹ್ಯಾವ್ ಮುಂತಾದ ಸಣ್ಣ ಪದಗಳು ಅಕ್ಕಪಕ್ಕದ ಪದಗಳೊಳಗೆ ಕರಗುತ್ತವೆ. ಪುಸ್ತಕದಲ್ಲಿ ‘ಶುಡ್ ಹ್ಯಾವ್’ ಎಂದು ಕಂಡದ್ದು ಕಿವಿಗೆ ‘ಶುಡವ್’ ಎಂದು ಬೀಳುತ್ತದೆ. ಪದ ಗೊತ್ತಿದ್ದರೂ ಕೇಳುವಾಗ ಗುರುತು ಸಿಗುವುದಿಲ್ಲ.

ಆದ್ದರಿಂದ ಆ ಪಾಠದಲ್ಲಿ, ಧ್ವನಿಮುದ್ರಿಕೆ ಕೇಳಿಸಿ ಐದು ಪ್ರಶ್ನೆ ಕೇಳುವ ಎಂದಿನ ವಿಧಾನವನ್ನು ಬದಿಗಿಟ್ಟು, ಪ್ರಯೋಗಾಲಯದಲ್ಲಿ ಉಪನ್ಯಾಸಕರೊಬ್ಬರು ಕೊಡುವ ಸೂಚನೆಗಳ ಮುದ್ರಿಕೆಯಿಂದ ಎರಡು ಮೂರು ಸೆಕೆಂಡುಗಳ ತುಣುಕುಗಳನ್ನು ಮಾತ್ರ ಕೇಳಿಸಿದೆ. ಮೊದಲು ಎಷ್ಟು ಪದ ಕೇಳಿಸಿತೆಂದು ಬೆರಳಿನಲ್ಲಿ ತೋರಿಸಬೇಕಿತ್ತು. ಒಂದೇ ತುಣುಕಿಗೆ ಮುಂದಿನ ಬೆಂಚಿನಿಂದ ನಾಲ್ಕು ಬೆರಳು, ನಡುವಿನಿಂದ ಐದು, ಕಿಟಕಿಯ ಪಕ್ಕದವರಿಂದ ಏಳು ಬೆರಳು ಎದ್ದವು. ಆಮೇಲೆ ಕೇಳಿದ್ದನ್ನು ಬರೆದರು, ಜೋಡಿಯಲ್ಲಿ ಹೋಲಿಸಿದರು, ಮತ್ತೆ ಕೇಳಿದರು. ಪಾಠ ಮುಗಿದ ಮೇಲೆ, ಹಿಂದಿನ ಬೆಂಚಿನಲ್ಲಿ ಕುಳಿತು ನಿಮಿಷ ನಿಮಿಷಕ್ಕೂ ಟಿಪ್ಪಣಿ ಮಾಡಿಕೊಂಡಿದ್ದ ಮಾರ್ಗದರ್ಶಕರು ಕೇಳಿದ ಮೊದಲ ಪ್ರಶ್ನೆ: ‘ಈ ಮಕ್ಕಳಿಗೆ ಅರ್ಥವಾಗದೆ ಹೋದದ್ದೋ, ಕೇಳಿಸದೆ ಹೋದದ್ದೋ? ಯಾವ ಆಧಾರದಿಂದ ಹೇಳುತ್ತೀರಿ?’ ಆಧಾರ ನನ್ನ ಕೈಯಲ್ಲೇ ಇತ್ತು. ಅವರು ಬರೆದ ಹಾಳೆಗಳಲ್ಲಿ ಬೀಕರ್, ಸೊಲ್ಯೂಷನ್, ಟೆಂಪರೇಚರ್ ಎಲ್ಲವೂ ಸರಿಯಾಗಿದ್ದವು. ಬಿಟ್ಟುಹೋದದ್ದು ಬಹುತೇಕ ಒತ್ತಿಲ್ಲದ ಸಣ್ಣ ಪದಗಳು. ಪಾಠದ ಬಗ್ಗೆ ಮಾತಾಡುವಾಗ ‘ಚೆನ್ನಾಗಿತ್ತು’, ‘ಮಕ್ಕಳು ಖುಷಿಪಟ್ಟರು’ ಎಂಬ ಮಾತುಗಳಾಚೆಗೆ, ವಿದ್ಯಾರ್ಥಿಗಳು ಬರೆದದ್ದನ್ನೂ ಆಡಿದ್ದನ್ನೂ ಸಾಕ್ಷಿಯಾಗಿ ಮುಂದಿಡುವ ಈ ಅಭ್ಯಾಸವೇ ನನಗೆ ಆ ಡಿಪ್ಲೊಮಾದಿಂದ ದಕ್ಕಿದ ದೊಡ್ಡ ಲಾಭ.

ಮೊದಲನೆಯ ಮಾಡ್ಯೂಲ್‌ನ ಪರೀಕ್ಷೆಯಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ಪಾರಿಭಾಷಿಕ ಪದಗಳ ಪ್ರಶ್ನೆಗಳಿಗೆ ಹೆದರುವವರು ಬಹಳ. ಅವು ಅಭ್ಯಾಸದಿಂದ ಬರುತ್ತವೆ. ಹೆಚ್ಚು ಕಲಿಸುವುದು, ವಿದ್ಯಾರ್ಥಿಯೊಬ್ಬ ಬರೆದ ಬರಹವನ್ನು ಕೊಟ್ಟು ಅದರ ದೌರ್ಬಲ್ಯದ ಜೊತೆಗೆ ಶಕ್ತಿಯನ್ನೂ ಉದಾಹರಣೆಸಹಿತ ಗುರುತಿಸಿ ಎನ್ನುವ ಪ್ರಶ್ನೆ. ಕೆಂಪು ಶಾಯಿಯ ಪೆನ್ನು ಹಿಡಿದು ಬೆಳೆದ ನಮಗೆ ಶಕ್ತಿಯನ್ನು ಗುರುತಿಸುವುದು ಕಷ್ಟ. ನಮ್ಮ ವಿದ್ಯಾರ್ಥಿಯೊಬ್ಬ ಹಾಸ್ಟೆಲ್ ವಾರ್ಡನ್‌ಗೆ ಬರೆದ ಪತ್ರದಲ್ಲಿ ಹೀಗೊಂದು ವಾಕ್ಯವಿತ್ತು: ‘ಆಲ್ದೋ ವಾಟರ್ ಪ್ರಾಬ್ಲಮ್ ಈಸ್ ದೇರ್, ದ ಫುಡ್ ಈಸ್ ಗುಡ್.’ ಸಾಮಾನ್ಯವಾಗಿ ನಾವು ಮೊದಲರ್ಧಕ್ಕೆ ಗೆರೆ ಎಳೆದು ಮುಂದೆ ಹೋಗುತ್ತೇವೆ. ಕ್ರಿಯಾಪದವನ್ನು ಕೊನೆಗಿಡುವ ಕನ್ನಡದ ವಾಕ್ಯರಚನೆಯೇ ಅಲ್ಲಿ ಕೆಲಸ ಮಾಡಿದೆ ಎಂಬುದು ಕಾಣುತ್ತದೆ. ಆದರೆ ಅದೇ ಹುಡುಗ ‘ಆಲ್ದೋ’ ಬಳಸಿ ಎರಡು ವಿರುದ್ಧ ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಸರಿಯಾಗಿ ಜೋಡಿಸಿದ್ದಾನೆ, ನಡುವೆ ‘ಬಟ್’ ಸೇರಿಸಿಲ್ಲ, ದೂರಿನ ಜೊತೆಗೆ ಮೆಚ್ಚುಗೆಗೂ ಜಾಗ ಮಾಡಿಕೊಂಡು ವಾರ್ಡನ್ ಜೊತೆ ಹೇಗೆ ಮಾತಾಡಬೇಕೆಂಬ ತಿಳಿವಳಿಕೆ ತೋರಿದ್ದಾನೆ. ಅವನಿಗೆ ಮುಂದೆ ಏನು ಕಲಿಸಬೇಕೆಂದು ನಿರ್ಧರಿಸಲು ಈ ಎರಡೂ ಬಗೆಯ ತಿಳಿವಳಿಕೆ ನನಗೆ ಬೇಕು.

ಈ ಡಿಪ್ಲೊಮಾಗಳಿಗಾಗಿ ಓದುವಾಗ ಬೆಂಗಳೂರಿನ ಶಿಕ್ಷಕರಿಗೆ ತಮ್ಮ ಊರಿನ ಹೆಸರೇ ಎದುರಾಗುತ್ತದೆ. ಬೋಧನಾ ವಿಧಾನಗಳ ಚರಿತ್ರೆಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬುದು ಜಗತ್ತಿನಾದ್ಯಂತ ಪರಿಚಿತವಾದ ಅಧ್ಯಾಯ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಇಲ್ಲಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಒಡನಾಟದಲ್ಲಿ, ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಈ ಪ್ರಯೋಗ ನಡೆಯಿತು. ವ್ಯಾಕರಣವನ್ನು ಪಾಠಪಟ್ಟಿಯಾಗಿ ಜೋಡಿಸಿ ಕಲಿಸುವ ಬದಲು, ವಿದ್ಯಾರ್ಥಿಗಳ ಗಮನ ಅರ್ಥದ ಮೇಲೆ ನೆಟ್ಟಿರುವಾಗಲೇ ವ್ಯಾಕರಣ ಒಳಗೊಳಗೆ ರೂಪುಗೊಳ್ಳುತ್ತದೆ ಎಂಬುದು ಅದರ ಮೂಲ ನಂಬಿಕೆ. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ತರ್ಕಿಸುವುದು, ನಕ್ಷೆ ನೋಡಿ ದಾರಿ ಕಂಡುಹಿಡಿಯುವುದು ಇಂಥ ಚಟುವಟಿಕೆಗಳೇ ಪಾಠಕ್ರಮವಾದವು. ಮೊದಲು ಇಡೀ ತರಗತಿಯೊಂದಿಗೆ ಶಿಕ್ಷಕರು ಅಂಥದೇ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು, ಆಮೇಲೆ ಪ್ರತಿ ವಿದ್ಯಾರ್ಥಿಯೂ ಮತ್ತೊಂದನ್ನು ತಾನೇ ಬಿಡಿಸುತ್ತಿದ್ದ. ಕಪ್ಪುಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲ್ ಇಷ್ಟೇ ಸಾಧನಗಳು.

ಇಂದು ‘ಟಾಸ್ಕ್ ಆಧಾರಿತ ಬೋಧನೆ’ ಎಂಬ ಹೆಸರಿನಲ್ಲಿ ಬೇರೆ ದೇಶಗಳ ಪಠ್ಯಪುಸ್ತಕಗಳ ಮೂಲಕ ನಮ್ಮ ಕಾರ್ಯಾಗಾರಗಳಿಗೆ ಬರುತ್ತಿರುವ ವಿಧಾನದ ಆರಂಭದ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗುಂಪು ಚಟುವಟಿಕೆ ಇಲ್ಲದಿದ್ದರೆ ಅದು ಆಧುನಿಕ ಪಾಠವೇ ಅಲ್ಲ ಎಂದು ಇಂದಿನ ತರಬೇತಿಗಳಲ್ಲಿ ಹೇಳಲಾಗುತ್ತದೆ. ಬೆಂಗಳೂರು ಪ್ರಾಜೆಕ್ಟಿನಲ್ಲಿ ಗುಂಪು ಚಟುವಟಿಕೆಯನ್ನು ಯೋಚಿಸಿಯೇ ಬದಿಗಿಟ್ಟಿದ್ದರು. ಕಲಿಯುವವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ತಪ್ಪು ರೂಪಗಳೇ ಗಟ್ಟಿಯಾಗಬಹುದು, ಅದಕ್ಕಿಂತ ಶಿಕ್ಷಕರ ಭಾಷೆಯೊಡನೆ ಅವರಿಗೆ ಹೆಚ್ಚು ಸಂಪರ್ಕ ಸಿಗಬೇಕು ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ಒಪ್ಪಬಹುದು, ಬಿಡಬಹುದು. ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅರವತ್ತು ಮಕ್ಕಳ ತರಗತಿಯನ್ನು ದಿನವೂ ಎದುರಿಸುವ ಶಿಕ್ಷಕರಿಗೆ, ತಮ್ಮಂಥದೇ ತರಗತಿಗಳಿಂದ ಹುಟ್ಟಿದ ಒಂದು ಸಿದ್ಧಾಂತ ಜಗತ್ತಿನ ಚರ್ಚೆಯಲ್ಲಿದೆ ಎಂಬ ಅರಿವೇ ಒಂದು ಬಲ. ಯಾವುದೇ ಒಂದು ವಿಧಾನ ಎಲ್ಲರಿಗೂ ಶ್ರೇಷ್ಠವಲ್ಲ, ತಾನು ಮಾಡುವುದು ಏಕೆ ಫಲಿಸುತ್ತದೆಂಬ ಶಿಕ್ಷಕರ ಸ್ವಂತ ನಂಬಿಕೆ ಜೀವಂತವಾಗಿದೆಯೇ ಎಂಬುದೇ ಮುಖ್ಯ ಎಂದು ಪ್ರಭು ಅವರೇ 1990ರ ಲೇಖನವೊಂದರಲ್ಲಿ ವಾದಿಸಿದ್ದರು. ಹಿರಿಯ ಶಿಕ್ಷಕರ ಉನ್ನತ ತರಬೇತಿಗೆ ಇದಕ್ಕಿಂತ ಒಳ್ಳೆಯ ಗುರಿ ನನಗೆ ತೋರುವುದಿಲ್ಲ. ನಮ್ಮ ಬಿ.ಎಡ್. ತರಗತಿಗಳಲ್ಲಿ ಈ ಪ್ರಾಜೆಕ್ಟಿಗೆ ಒಂದು ವಾರವನ್ನಾದರೂ ಮೀಸಲಿಡಬೇಕು ಎಂಬುದು ನನ್ನ ಬಹುದಿನದ ಆಸೆ.

ಹಾಗೆಂದು ಬ್ರಿಟಿಷ್ ಡಿಪ್ಲೊಮಾ ಒಂದೇ ದಾರಿ ಎಂದು ಯಾರೂ ತಿಳಿಯಬಾರದು. ಮೇಲೆ ಹೇಳಿದ ಪ್ರಾದೇಶಿಕ ಸಂಸ್ಥೆ 1963ರಿಂದ ಬೆಂಗಳೂರಿನಲ್ಲಿದೆ. ಜ್ಞಾನಭಾರತಿ ಆವರಣದ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತಾ ಬಂದಿದೆ, ಇಂಗ್ಲಿಷ್ ಬೋಧನೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೂ ನಡೆಸಿದೆ. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾಗಿ ಈಗ ಇಫ್ಲು ಎಂದು ಹೆಸರಾಗಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಪಿಜಿಸಿಟಿಇ, ಪಿಜಿಡಿಟಿಇ ಎಂಬ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಪ್ರಮಾಣಪತ್ರ, ಡಿಪ್ಲೊಮಾ ಕೋರ್ಸುಗಳು ನಮ್ಮ ದೇಶದ ತರಗತಿಗಳನ್ನು ಕಣ್ಣ ಮುಂದಿಟ್ಟುಕೊಂಡೇ ರೂಪುಗೊಂಡವು. ಭಾಷಾಶಾಸ್ತ್ರ, ಧ್ವನಿಶಾಸ್ತ್ರಗಳ ಗಟ್ಟಿ ತಳಹದಿ ಬೇಕೆನ್ನುವವರಿಗೆ ನಾನು ಇವುಗಳನ್ನೇ ಮೊದಲು ಹೇಳುತ್ತೇನೆ. ಪ್ರತಿ ಬಾರಿ ಪ್ರವೇಶದ ಅಧಿಸೂಚನೆಯನ್ನು ನೋಡಿಕೊಂಡೇ ಯೋಜನೆ ಹಾಕಿಕೊಳ್ಳಬೇಕು.

ಆಯ್ಕೆ ಮಾಡುವಾಗ ನಾನು ಕೇಳಿಕೊಳ್ಳಲು ಹೇಳುವ ಪ್ರಶ್ನೆ ಒಂದೇ: ಈ ಕೋರ್ಸಿನಲ್ಲಿ, ಬೋಧನೆಯನ್ನು ಬಲ್ಲ ಒಬ್ಬರು ನನ್ನ ತರಗತಿಗೆ ಬಂದು ಕುಳಿತು, ನೋಡಿ, ನನ್ನೊಡನೆ ಚರ್ಚಿಸುತ್ತಾರೆಯೇ? ಬೋಧನೆಯನ್ನು ಯಾರೂ ನೋಡದ, ಒಂದೆರಡು ವಾರಗಳ ಆನ್‌ಲೈನ್ ಟೆಸಾಲ್ (ಇಂಗ್ಲಿಷ್ ಬೋಧನೆಯ) ಪ್ರಮಾಣಪತ್ರಗಳು ನಗರದಲ್ಲಿ ಈಗ ಹೇರಳವಾಗಿವೆ. ವೃತ್ತಿಗೆ ಕಾಲಿಡುವವರಿಗೆ ಅವು ಅಷ್ಟಿಷ್ಟು ಪ್ರಯೋಜನಕ್ಕೆ ಬಂದಾವು. ಅನುಭವಿಗಳು ಅದಕ್ಕಾಗಿ ಹಣ ಕೊಡಬೇಕಾಗಿಲ್ಲ. ನಮ್ಮಲ್ಲಿ ತರಗತಿಗೆ ಹೊರಗಿನವರು ಬರುವುದು ತಪಾಸಣೆಗಾಗಿ. ಬಿ.ಇ.ಒ. ಬಂದರು, ಸಿ.ಆರ್.ಪಿ. ಬಂದರು ಎಂದರೆ ಎಲ್ಲರೂ ಮೊದಲು ದಾಖಲೆ ಸರಿಮಾಡಿಕೊಳ್ಳುತ್ತೇವೆ. ನೋಡಲು ಬಂದವರ ಜೊತೆ ಕುಳಿತು ಪಾಠದ ಬಗ್ಗೆಯೇ ಒಂದು ಗಂಟೆ ಮಾತಾಡುವ ಭಾಗ್ಯ ನಮ್ಮ ಶಿಕ್ಷಕರಿಗೆ ಸಿಗುವುದು ಅಪರೂಪ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿಯ ಅವಕಾಶ ಇರಬೇಕೆಂದು ಹೇಳಿದೆ. ಆ 50 ಗಂಟೆಗಳಲ್ಲಿ ಐದನ್ನಾದರೂ ಇಂಥ ವೀಕ್ಷಣೆಗೂ ಚರ್ಚೆಗೂ ಕೊಟ್ಟರೆ, ವಿಡಿಯೋ ನೋಡಿ ಪ್ರಶ್ನೆಗಳಿಗೆ ಉತ್ತರಿಸುವುದಕ್ಕಿಂತ ಹೆಚ್ಚಿನ ಪ್ರಯೋಜನವಾದೀತು.

ಹಣದ ಮಾತನ್ನೂ ಆಡಲೇಬೇಕು. ಡೆಲ್ಟಾದ ಮೂರೂ ಮಾಡ್ಯೂಲ್‌ಗಳ ಒಟ್ಟು ಖರ್ಚು ಲಕ್ಷಗಳಲ್ಲಿ ಬೀಳುತ್ತದೆ. ಅದು ಇಲ್ಲಿ ಬಿ.ಎಡ್.ಗೆ ಬದಲಿಯಾಗುವುದಿಲ್ಲ, ಪದವಿ ಕಾಲೇಜಿನ ಹುದ್ದೆಗೆ ಬೇಕಾದ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ.ಯ ಜಾಗವನ್ನೂ ತುಂಬುವುದಿಲ್ಲ. ಶಿಕ್ಷಕರ ತರಬೇತಿದಾರರಾಗಬೇಕು, ಭಾಷಾ ಕೇಂದ್ರಗಳ ಶೈಕ್ಷಣಿಕ ಹೊಣೆ ಹೊರಬೇಕು, ಪಠ್ಯಸಾಮಗ್ರಿ ಬರೆಯಬೇಕು, ಹೊರದೇಶದಲ್ಲಿ ಕಲಿಸಬೇಕು ಎನ್ನುವವರಿಗೆ ಅದರ ಬೆಲೆ ಬೇರೆ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಎಂ.ಎ. ಪ್ರವೇಶದಲ್ಲಿ ಅದಕ್ಕೆ ಕ್ರೆಡಿಟ್ ಕೊಡುವುದೂ ಉಂಟು. ಸರ್ಕಾರಿ ಶಾಲೆಯಲ್ಲೇ ನಿವೃತ್ತಿಯವರೆಗೆ ಇರುತ್ತೇನೆ ಎನ್ನುವವರು ಸಾಲ ಮಾಡಿ ಮೂರನ್ನೂ ಮುಗಿಸಬೇಕೆಂದು ನಾನು ಹೇಳಲಾರೆ. ಅಂಥವರು ಒಂದನೆಯ ಮಾಡ್ಯೂಲ್‌ನ ಪಠ್ಯವನ್ನು ತಾವಾಗಿಯೇ ಓದಿಕೊಳ್ಳಬಹುದು, ಸಾಧ್ಯವಾದರೆ ಎರಡನೆಯದನ್ನು ಮಾತ್ರ ಮಾಡಬಹುದು. ಮಾಡ್ಯೂಲ್‌ಗಳಿಗೆ ಪ್ರತ್ಯೇಕ ಪ್ರಮಾಣಪತ್ರ ಸಿಗುತ್ತದೆ. ಈ ಖರ್ಚನ್ನು ಆಡಳಿತ ಮಂಡಳಿಗಳು ಭರಿಸಬೇಕು, ಕನಿಷ್ಠಪಕ್ಷ ವೇತನಸಹಿತ ರಜೆಯನ್ನಾದರೂ ಕೊಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೊಸ ಸ್ಮಾರ್ಟ್ ಬೋರ್ಡಿಗೆ ಹಣ ಹೊಂದಿಸುವ ಸಂಸ್ಥೆಗೆ ತನ್ನ ಹಿರಿಯ ಶಿಕ್ಷಕಿಯೊಬ್ಬರ ಕಲಿಕೆಗೆ ಹಣ ಹೊಂದಿಸುವುದು ಅಸಾಧ್ಯವೇನಲ್ಲ.

ಮೂರನೆಯ ಮಾಡ್ಯೂಲ್ ಮಾಡುವವರಿಗೆ ಒಂದು ಸಲಹೆ. ಅದರಲ್ಲಿ ಒಂದು ನಿಜವಾದ ವಿದ್ಯಾರ್ಥಿಗುಂಪಿನ ಅಗತ್ಯಗಳನ್ನು ಪತ್ತೆಹಚ್ಚಿ, ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವ ಪರೀಕ್ಷೆ ಕೊಟ್ಟು, ಅವರಿಗಾಗಿ ಕನಿಷ್ಠ 20 ಗಂಟೆಗಳ ಕೋರ್ಸನ್ನೂ ಅದರ ಮೌಲ್ಯಮಾಪನವನ್ನೂ ರೂಪಿಸಬೇಕು. ವಿಶೇಷ ಕ್ಷೇತ್ರಗಳ ಪಟ್ಟಿಯಲ್ಲಿ ಬಿಸಿನೆಸ್ ಇಂಗ್ಲಿಷ್, ಪರೀಕ್ಷಾ ತರಗತಿಗಳು, ಎಳೆಯ ಮಕ್ಕಳು ಮೊದಲಾದವುಗಳ ಜೊತೆಗೆ ಬಹುಭಾಷಿಕ ತರಗತಿಗಳ ಬೋಧನೆಯೂ ಇದೆ, ವಿಷಯ ಮತ್ತು ಭಾಷೆಯನ್ನು ಒಟ್ಟಿಗೆ ಕಲಿಸುವ ಕ್ರಮವೂ ಇದೆ. ಬೆಂಗಳೂರಿನಲ್ಲಿರುವವರು ಸುಲಭವಾಗಿ ಬಿಸಿನೆಸ್ ಇಂಗ್ಲಿಷ್ ಕಡೆಗೆ ವಾಲುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಅದಕ್ಕೆ ಬೇಡಿಕೆಯಿರುವುದು ನಿಜ. ಆದರೆ ಅದರ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಶಿವಾಜಿನಗರದ ತರಗತಿಯ ಬಗ್ಗೆ, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರ ಕೇಳುವ ಹುಡುಗಿಗೆ ಮೊದಲ ಎಂಟು ವಾರ ಬೇಕಾಗುವ ಭಾಷೆಯ ಬಗ್ಗೆ, 2019ರಿಂದ ಸರ್ಕಾರಿ ಶಾಲೆಗಳಲ್ಲಿ ತೆರೆಯುತ್ತಾ ಬಂದ ಇಂಗ್ಲಿಷ್ ಮಾಧ್ಯಮ ವಿಭಾಗಗಳ ಶಿಕ್ಷಕರ ಅಗತ್ಯಗಳ ಬಗ್ಗೆ, ಅಲ್ಲೇ ನಿಂತು ಪಾಠ ಮಾಡುವವರು ಬರೆಯಬೇಕಾದದ್ದು ಬಹಳಷ್ಟಿದೆ. ನಾನು ಆಯ್ದುಕೊಂಡದ್ದು ಎರಡನೆಯದನ್ನು. ಆ ಪ್ರಬಂಧಕ್ಕಾಗಿ ಸಿದ್ಧಪಡಿಸಿದ ಕೋರ್ಸನ್ನು ನಮ್ಮ ರಸಾಯನಶಾಸ್ತ್ರದ ಸಹೋದ್ಯೋಗಿಯ ಜೊತೆ ಸೇರಿ ಪ್ರತಿ ವರ್ಷ ಜೂನ್‌ನಿಂದ ನಡೆಸುತ್ತಿದ್ದೇವೆ. ಅವರು ತಮ್ಮ ಪಾಠದ ಧ್ವನಿಮುದ್ರಣ ಕೊಡುತ್ತಾರೆ, ನಾನು ಅದರಿಂದ ಆಲಿಸುವ ಅಭ್ಯಾಸಗಳನ್ನು ಮಾಡುತ್ತೇನೆ.

ಸೇರಬೇಕೋ ಬೇಡವೋ ಎಂದು ಇನ್ನೂ ನಿರ್ಧರಿಸದವರು ಶುಲ್ಕ ಕಟ್ಟುವ ಮುಂಚೆಯೇ ಒಂದು ಕೆಲಸ ಮಾಡಿ ನೋಡಬಹುದು. ಕಾಲೇಜಿನ ಒಬ್ಬ ನಂಬಿಕೆಯ ಸಹೋದ್ಯೋಗಿಯನ್ನು ಕರೆದು ನಿಮ್ಮ ಒಂದು ಪಾಠ ನೋಡಲು ಹೇಳಿ. ಅಭಿಪ್ರಾಯ ಬರೆಯುವುದು ಬೇಡ, ಯಾವ ನಿಮಿಷದಲ್ಲಿ ಯಾರು ಏನು ಮಾತಾಡಿದರು ಎಂಬುದನ್ನಷ್ಟೇ ಬರೆದುಕೊಡಲಿ. ಅದನ್ನು ಮುಂದಿಟ್ಟುಕೊಂಡು, ಪ್ರತಿ ಹಂತವನ್ನೂ ಏಕೆ ಮಾಡಿದಿರೆಂದು ಒಂದು ಪುಟ ಬರೆಯಿರಿ. ಬರೆಯುತ್ತಾ ಹೋದಂತೆ ಇನ್ನಷ್ಟು ಓದಬೇಕೆನಿಸಿದರೆ ಡಿಸೆಂಬರ್‌ನ ಪರೀಕ್ಷೆಗೆ ಈಗಿನಿಂದಲೇ ತಯಾರಿ ಆರಂಭಿಸಬಹುದು. ಓದುವ ಪಟ್ಟಿ ಬೇಕಾದವರು ಕೇಳಿದರೆ ಸಂತೋಷದಿಂದ ಕೊಡುತ್ತೇನೆ.